ಲಿಸಾಯ್ ಬೆಟ್ಟದ ತೆಕ್ಕೆ

ಬಿತೋಲಾ
ಜೂನ್ 20, 1945

ಪ್ರೀತಿಯ ನಝ್ಮಿಯೆ ಅಕ್ಕ,

ಇದು ನಾನು ಬರೆಯುತ್ತಿರುವ ಮೊದಲ ಕಾಗದ. ನಿಮ್ಮ ಅಲ್ಬೇನಿಯನ್ ಭಾಷೆಯಲ್ಲಿ ಮಾತ್ರವಲ್ಲ, ಹುಟ್ಟಿದಂದಿನಿಂದಲೇ ಮೊದಲನೆಯದು. ತಪ್ಪುಗಳಿದ್ದರೆ ದೆರ್ವಿಶ್ ಕಾಸೆಮ್ ಅವರಿಗೆ ತೋರಿಸಬೇಡ. ಕೆಂಪು ಪೆನ್ಸಿಲ್ ಹಿಡಿದು ಕೂತುಬಿಡುತ್ತಾರೆ. ಅಥವಾ ತೋರಿಸಿಬಿಡು. ನನಗೂ ನಿನಗೂ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿಸಿದವರು ಅವರೇ. ಹನ್ನೊಂದು ವರ್ಷದ ನಾನು ಬೇಗ ಕಲಿತೆ, ಇಪ್ಪತ್ತೊಂದು ವರ್ಷದ ನೀನು ನಿಧಾನವಾಗಿ ಕಲಿತೆ ಎಂದು ನಾನು ನಿನ್ನನ್ನು ಅಣಕಿಸುತ್ತಿದ್ದದ್ದು ನೆನಪಿದೆಯಾ?

ನಾವು ಮಾರ್ಚ್ ಕೊನೆಗೆ ಊರು ಸೇರಿದೆವು. ಅಪ್ಪ, ಅಮ್ಮ, ನಾನು, ತಮ್ಮ ಅವ್ರಾಮ್. ನಮ್ಮ ಬೀದಿಯಲ್ಲಿ ಒಂದು ಮನೆಗೂ ಬಾಗಿಲಿಲ್ಲ, ಚೌಕಟ್ಟಿನ ಸಮೇತ ಕಿತ್ತುಕೊಂಡು ಹೋಗಿದ್ದಾರೆ. ಈ ಊರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದೆವು. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಒಂದೇ ಬೆಳಿಗ್ಗೆ ಎಲ್ಲರನ್ನೂ ಹಿಡಿದು ರೈಲು ಹತ್ತಿಸಿದರಂತೆ. ಕಲಾಯಿ ಹಾಕುವ ಸಾಮಾನು ಬೆನ್ನಿಗೆ ಕಟ್ಟಿಕೊಂಡು ಒಂದು ವರ್ಷ ಮೊದಲೇ ಗಡಿ ದಾಟಿ ನಿಮ್ಮ ದೇಶ ಸೇರಿದ ಅಪ್ಪನನ್ನು ಹೇಡಿ ಎಂದವರು, ಹಾಗೆ ಅನ್ನದವರು, ನನ್ನ ಇಬ್ಬರು ಅತ್ತೆಯರು, ಪಕ್ಕದ ಮನೆಯ ರೊಟ್ಟಿಯವನು, ಒಬ್ಬರೂ ವಾಪಸ್ಸು ಬಂದಿಲ್ಲ.

ನಮ್ಮಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಈಗ ಇರುವುದು ನಾಲ್ವರು. ಅಪ್ಪ ದಿನಾ ಹೋಗಿ ಕಾದು ಬರುತ್ತಾರೆ. ನಿನ್ನೆ ಹೇಳಿದರು, ನಿಮ್ಮ ತೆಕ್ಕೆ ಮಠದ ಮೂಲೆ ಕೋಣೆಯಲ್ಲಿ ಅವರೊಬ್ಬರೇ ಪ್ರಾರ್ಥಿಸುವಾಗ ಮಠದ ಹಿರಿಯರಾದ ಬಾಬಾ ಹೊರಗಿನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರಂತೆ. ಯಾಕೆಂದು ಕೇಳಿದ್ದಕ್ಕೆ, "ನಿನಗೆ ಒಬ್ಬನೇ ಇದೀನಿ ಅನ್ನಿಸಬಾರ್ದು ಅಂತ ಕಣಪ್ಪ" ಅಂದರಂತೆ.

ಮುಸಲ್ಮಾನ ಸಾಧುಗಳಾದ ದೆರ್ವಿಶರ ಮಠದಲ್ಲಿ ಹತ್ತು ತಿಂಗಳಿದ್ದೆವು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿ ಏನು ತಿಂದಿರಿ ಎಂದು ಕೇಳುತ್ತಾರೆ. ನಾವು ನಮ್ಮ ನೇಮದ ಮಾಂಸವಲ್ಲದೆ ಬೇರೆ ಮುಟ್ಟುವುದಿಲ್ಲ ಎಂದು ತಿಳಿದ ದಿನದಿಂದ ಬಾಬಾ ಇಡೀ ತೆಕ್ಕೆಗೇ ಹುರುಳಿಕಾಯಿ, ಮೊಟ್ಟೆ, ಮೊಸರು ಮಾಡಿಸಿದರು, ಅತಿಥಿಗೆ ಬೇರೆ ತಟ್ಟೆ ಆಗಬಾರದೆಂದು, ಅಂತ ಅಮ್ಮ ತಲೆಯೆತ್ತಿಕೊಂಡು ಹೇಳುತ್ತಾಳೆ. ಮಾಂಸವಿಲ್ಲದ ಊಟಕ್ಕೆ ದೆರ್ವಿಶರು ಬೈದುಕೊಂಡದ್ದನ್ನು ಮಾತ್ರ ಹೇಳುವುದಿಲ್ಲ.

ಒಲೆಯ ಕಿಡಿ ಹಾರಿ ಸುಟ್ಟ ಅತಿಥಿ ಕೋಣೆಗಳನ್ನು ಮತ್ತೆ ಕಟ್ಟಿದಿರಾ? ದೆರ್ವಿಶ್ ಕಾಸೆಮ್ ಉತ್ತರದ ಆ ಇನ್ನೊಂದು ತೆಕ್ಕೆಯಿಂದ ಬಂದರಾ? ನಾವು ಬೆಟ್ಟದ ಮೇಲಿನ ಕುರಿದೊಡ್ಡಿಯಿಂದ ಇಳಿದು ಬರುವಷ್ಟರಲ್ಲಿ ನನಗೆ ಒಂದು ಮಾತೂ ಹೇಳದೆ ಹೊರಟುಹೋದರು ಎಂದು ನನಗೆ ಇನ್ನೂ ಸಿಟ್ಟಿದೆ. ಅವರಿಗೆ ಹಾಗೇ ಹೇಳು.

ನಿನ್ನ
ಸರೀನಾ ಕಾಲ್ದೆರೋನ್
(ನಿಮ್ಮೂರಿನವರಿಗೆ ಸಾನೀಯೆ)


ಲಿಸಾಯ್
ಸೆಪ್ಟೆಂಬರ್ 9, 1945

ಸರೀನಾ,

ನಿನ್ನ ಕಾಗದ ತೆಕ್ಕೆಯಲ್ಲಿ ಎರಡು ಸಲ, ಗಿರಣಿಯ ಹತ್ತಿರ ಮೂರು ಸಲ ಓದಿಸಿಕೊಂಡಿತು. ಓದಿದವಳು ನಾನೇ. ನಿಧಾನವಾಗಿ ಕಲಿತವಳು ಎಂದು ನೀನು ಬರೆದ ಸಾಲನ್ನೂ ಬಿಡದೆ ಓದಿದೆ. "ನಿಜಾನೇ ಬರ್ದಿದಾಳಲ್ಲ ಹುಡುಗಿ" ಎಂದು ಮುದುಕಿಯರೆಲ್ಲ ನಕ್ಕರು. ನೀನು ರೊಟ್ಟಿ ಎಂಬ ಪದವನ್ನೇ ತಪ್ಪು ಬರೆದಿದ್ದೀಯಲ್ಲ, ಹತ್ತು ತಿಂಗಳು ತೆಕ್ಕೆಯ ಅಡುಗೆಮನೆಯಲ್ಲಿ ನನ್ನ ಕೈ ರೊಟ್ಟಿ ತಿಂದವಳು!

ನಿಮ್ಮ ಜನರ ಸುದ್ದಿ ಬಂದಾಗ ನಾನು ಕಾಗದ ಕೆಳಗಿಟ್ಟೆ. ಉಳಿದದ್ದನ್ನು ಬಾಬಾ ರುಶಿತ್ ಅವರೇ ತೆಗೆದುಕೊಂಡು ಮನಸ್ಸಿನಲ್ಲೇ ಓದಿ, ಕಾಗದ ಮಡಚಿಟ್ಟರು. ಆಮೇಲೆ ತೆಕ್ಕೆಯ ಸಂತರ ಗೋರಿಯ ಕೋಣೆಗೆ ಹೋಗಿ ನಿನ್ನ ಇಬ್ಬರು ಅತ್ತೆಯರ ಹೆಸರಿಗೂ ರೊಟ್ಟಿಯವನ ಹೆಸರಿಗೂ ದೀಪ ಹಚ್ಚಿದರು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲವಂತೆ.

ಅತಿಥಿ ಕೋಣೆಗಳ ಗೋಡೆ ಎದ್ದಿದೆ. ಮಾಡಿಗೆ ಊರವರೇ ಕಲ್ಲುಹಲಗೆ ಹೊತ್ತು ತರುತ್ತಿದ್ದಾರೆ. ಪಟ್ಟಣದಿಂದ ಒಬ್ಬ ಬಂದು, ಯುದ್ಧದಲ್ಲಿ ನೀವು ಮಾಡಿದ ಕೆಲಸವನ್ನು ಪತ್ರಿಕೆಯಲ್ಲಿ ಹಾಕುತ್ತೇನೆ, ಹೇಳಿ ಎಂದ. ಬಾಬಾ ಅವನಿಗೆ ರಾಕಿ ಸಾರಾಯಿ ಕೊಟ್ಟು, ಚೀಸ್ ಕೊಟ್ಟು, ಒಂದು ಮಾತೂ ಕೊಡದೆ ಕಳಿಸಿದರು. "ಮನೆಗೆ ಬಂದೋರು ಊಟ ಮಾಡಿದ್ದನ್ನ ಊರಲ್ಲಿ ಹೇಳ್ಕೊಂಡು ತಿರುಗ್ತೀವೇನು?" ಎಂದರು. ನಾನು ಮಾತ್ರ ಹೇಳಿಕೊಂಡು ತಿರುಗುತ್ತಿದ್ದೇನೆ. ಬಾವಿಯ ಹತ್ತಿರ ಬೇರೆ ಊರಿನ ಹೆಂಗಸರು ಸಿಕ್ಕರೆ ಮೊದಲು ನಿಮ್ಮ ಸುದ್ದಿ, ಆಮೇಲೆ ನೀರು.

ದೆರ್ವಿಶ್ ಕಾಸೆಮ್ ಬಂದಿಲ್ಲ. ಅವರು ಇರುವ ಕಡೆ ಚೆನ್ನಾಗಿದ್ದಾರೆ. ನಿನ್ನ ಸಿಟ್ಟು ಮುಟ್ಟಿಸುತ್ತೇನೆ.

ನಿನ್ನಪ್ಪನಿಗೆ ಬಾಬಾ ಹೇಳಿದ್ದು: ತೆಕ್ಕೆಯ ತಾಮ್ರದ ಪಾತ್ರೆಗಳೆಲ್ಲ ಇನ್ನೂ ಹೊಳೆಯುತ್ತಿವೆ. ಯಾವ ಚಿಂತೆಯೂ ಬೇಡ.

ನಝ್ಮಿಯೆ


ಯಾಫಾ
ಫೆಬ್ರುವರಿ 3, 1957

ಪ್ರೀತಿಯ ಅಕ್ಕ,

ಹನ್ನೆರಡು ವರ್ಷ! ನಾನು ಬರೆಯಲಿಲ್ಲ ಎಂದು ಕೋಪಿಸಿಕೊಳ್ಳಬೇಡ. ನಲವತ್ತೆಂಟರಲ್ಲಿ ನಿಮ್ಮ ದೇಶಕ್ಕೂ ಆಗ ನಾವಿದ್ದ ದೇಶಕ್ಕೂ ಜಗಳವಾದ ಮೇಲೆ ಮೂರು ಕಾಗದ ಗಡಿಯಿಂದಲೇ ವಾಪಸ್ಸಾದವು. ಮರುವರ್ಷ ನಾವು ಬಿತೋಲಾ ಬಿಟ್ಟು ಯಹೂದಿಗಳ ಈ ಹೊಸ ದೇಶಕ್ಕೆ ಹಡಗು ಹತ್ತಿದೆವು. ಇದನ್ನು ಇಟಲಿಯ ತ್ರಿಯೆಸ್ತೆಯಲ್ಲಿರುವ ಚಿಕ್ಕಪ್ಪನ ಕೈಯಿಂದ ಕಳಿಸುತ್ತಿದ್ದೇನೆ.

ನಾನು ಈಗ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಮದುವೆಯಾಗಿದೆ, ಒಬ್ಬ ಮಗನಿದ್ದಾನೆ, ಫೋಟೋ ಇಟ್ಟಿದ್ದೇನೆ. ಅಪ್ಪ ಬಂದರಿನ ಹತ್ತಿರ ಒಂದು ಸಣ್ಣ ಅಂಗಡಿ ಹಾಕಿದ್ದಾರೆ. ಇಲ್ಲಿ ಎಲ್ಲರಿಗೂ ಅಲ್ಯೂಮಿನಿಯಂ ಪಾತ್ರೆ, ಕಲಾಯಿ ಯಾರಿಗೂ ಬೇಡ. ಅಪ್ಪ ಬಂದವರಿಗೆಲ್ಲ ಲಿಸಾಯ್ ಕಥೆ ಹೇಳುತ್ತಾ ಕೂರುತ್ತಾರೆ. ಅವರ ಹಳೆಯ ತಿದಿ, ಸುತ್ತಿಗೆ, ತವರದ ಕಡ್ಡಿಗಳೆಲ್ಲ ಆ ಬೆಂಕಿಯಲ್ಲಿ ಹೋದವಲ್ಲ, ಅವನ್ನು ಈಗಲೂ ನೆನೆಯುತ್ತಾರೆ.

ನೀನು ಹೇಗಿದ್ದೀಯ? ಬಾಬಾ ಹೇಗಿದ್ದಾರೆ? ದೆರ್ವಿಶ್ ಕಾಸೆಮ್ ಅವರ ವಿಳಾಸ ಕೊಡು. ನನ್ನ ಅಕ್ಷರ ಈಗ ಎಷ್ಟು ಗುಂಡಗಾಗಿದೆ ಎಂದು ಅವರಿಗೇ ಬರೆದು ತೋರಿಸಬೇಕು.

ನಿನ್ನ
ಸರೀನಾ


ಲಿಸಾಯ್
ನವೆಂಬರ್ 28, 1957

ಗೌರವಾನ್ವಿತ ಸರೀನಾ,

ಕಾಗದ ಮುಟ್ಟಿತು. ನಾವೆಲ್ಲರೂ ಕ್ಷೇಮ. ಈ ವರ್ಷ ಬೆಳೆ ಚೆನ್ನಾಗಿದೆ. ನಾನು ಊರಿನ ಸಹಕಾರಿಯ ತಂಬಾಕು ತಂಡದಲ್ಲಿದ್ದೇನೆ, ತಂಡಕ್ಕೆ ಎರಡನೆಯ ಸ್ಥಾನ ಬಂತು.

ಲಕೋಟೆಗೆ ಎರಡು ಸಲ ಅಂಟು ಹಾಕಿದ್ದರಿಂದ ಫೋಟೋದ ಒಂದು ಮೂಲೆ ಹರಿದಿದೆ. ಮಗು ಮುದ್ದಾಗಿದೆ.

ನೀನು ಕೇಳಿದವರು ಇದ್ದ ಕಡೆಯೇ ಇದ್ದಾರೆ. ಅವರಿಗೆ ಕಾಗದ ಬರೆಯುವ ಅಗತ್ಯವಿಲ್ಲ.

ನಝ್ಮಿಯೆ


ಯಾಫಾ
ಅಕ್ಟೋಬರ್ 11, 1966

ಪ್ರೀತಿಯ ಅಕ್ಕ,

ನಿನ್ನ ಹಿಂದಿನ ಕಾಗದ ಓದಿದಾಗ, ಯಾರೋ ಹಿಂದೆ ನಿಂತು ಹೇಳಿ ಬರೆಸಿದಂತಿದೆ ಎಂದು ಅಮ್ಮ ಅಂದಳು. ನಾನು ಮಾತ್ರ, ನಮ್ಮಕ್ಕ ದೊಡ್ಡ ಹೆಂಗಸಾಗಿದ್ದಾಳೆ, ಗಂಭೀರವಾಗಿ ಬರೆಯುತ್ತಾಳೆ ಎಂದುಕೊಂಡೆ.

ಹೋದ ವರ್ಷ ಅಪ್ಪ ತೀರಿಕೊಂಡರು. ಕೊನೆಯ ವಾರ ಅವರಿಗೆ ತಾವೆಲ್ಲಿದ್ದೇವೆ ಎಂಬುದೇ ಮರೆತು, ನನ್ನನ್ನು ಸಾನೀಯೆ ಎಂದು ಕೂಗಿದರು.

ಯೆರೂಸಲೇಮಿನ ಒಂದು ಗುಡ್ಡದ ಮೇಲೆ, ಯುದ್ಧಕಾಲದಲ್ಲಿ ಯಹೂದಿಗಳನ್ನು ಉಳಿಸಿದ ಪರಧರ್ಮೀಯರ ಹೆಸರಲ್ಲಿ ಒಂದೊಂದು ಗಿಡ ನೆಡುತ್ತಿದ್ದಾರೆ. ಬಾಬಾ ರುಶಿತ್ ಹೆಸರಲ್ಲಿ ಅಲ್ಲೊಂದು ಗಿಡ ಇರಬೇಕೆಂಬುದು ಅಪ್ಪನ ಆಸೆಯಾಗಿತ್ತು. ದೆರ್ವಿಶರ ಹೆಸರಲ್ಲೂ, ನಿನ್ನ ಹೆಸರಲ್ಲೂ. ನಿಮ್ಮೆಲ್ಲರ ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ ಬರೆದು ಕಳಿಸು. ಉಳಿದ ಓಡಾಟ ನನ್ನದು.

ನಿನ್ನ
ಸರೀನಾ


ಲಿಸಾಯ್
ಡಿಸೆಂಬರ್ 2, 1967

ಸರೀನಾ,

ನಿನ್ನ ತಂದೆಯ ಸುದ್ದಿ ಓದಿ ಬೇಸರವಾಯಿತು. ಒಳ್ಳೆಯ ಕೈಗೆಲಸದವರು.

ಗಿಡ ಬೇಡ. ನಮ್ಮ ಯಾರ ಹೆಸರನ್ನೂ ಎಲ್ಲಿಯೂ ಬರೆಯಬೇಡ, ಯಾರಿಗೂ ಕೊಡಬೇಡ.

ಬಾಬಾ ಗಡ್ಡ ತೆಗೆದಿದ್ದಾರೆ. ಈಗ ನಮ್ಮ ಮನೆಯಲ್ಲೇ ಇದ್ದಾರೆ, ಈರುಳ್ಳಿ ಬಿಡಿಸಿಕೊಡುತ್ತಾರೆ. ತೆಕ್ಕೆಯಲ್ಲಿ ಈಗ ತಂಬಾಕು ಒಣಹಾಕುತ್ತೇವೆ. ಗಾಳಿ ಚೆನ್ನಾಗಿ ಆಡುವ ಜಾಗ, ಎಲೆ ಬೇಗ ಒಣಗುತ್ತದೆ. ಎಲ್ಲರೂ ಸಂತೋಷವಾಗಿದ್ದೇವೆ.

ಇನ್ನು ಮುಂದೆ ಬರೆಯದಿದ್ದರೂ ಪರವಾಗಿಲ್ಲ.

ನಝ್ಮಿಯೆ


ಯಾಫಾ
ಫೆಬ್ರುವರಿ 18, 1968

ನಝ್ಮಿಯೆ,

ಬಾಬಾ ಗಡ್ಡ ತೆಗೆದರು ಎಂದು ಓದಿ ಮೊದಲು ನಕ್ಕೆ. ಹತ್ತು ವರ್ಷ ಚಿಕ್ಕವರಂತೆ ಕಾಣುತ್ತಿರಬೇಕು ಎಂದುಕೊಂಡೆ. ಆಮೇಲೆ ತಂಬಾಕಿನ ಮಾತು ಓದಿದೆ, ನಗು ನಿಂತಿತು. ನಿಮಗೇ ಬೇಡವಾದ ಮನೆಯನ್ನು ಏನು ಬೇಕಾದರೂ ಮಾಡಿಕೊಳ್ಳುವುದು ನಿಮ್ಮಿಷ್ಟ. ಆದರೆ ಅಪ್ಪ ಸಾಯುವ ತನಕ ಮುಖ ಮಾಡಿ ಕೂರುತ್ತಿದ್ದ ದಿಕ್ಕು ಅದು.

ಹೋದ ವರ್ಷದ ಇಲ್ಲಿನ ಯುದ್ಧದ ಮೇಲೆ ನಿಮ್ಮ ದೇಶ ನಮ್ಮ ಬಗ್ಗೆ ಏನು ಹೇಳುತ್ತಿದೆ ಎಂಬುದು ರೇಡಿಯೋದಲ್ಲಿ ಕೇಳಿಸುತ್ತದೆ. ಯಹೂದಿಗಳಿಗೆ ಅನ್ನ ಹಾಕಿದ್ದೆವು ಎಂದು ಹೇಳಿಕೊಳ್ಳಲು ನಿನಗೆ ಈಗ ನಾಚಿಕೆಯಾಗುತ್ತಿರಬಹುದು. ಬಾವಿಯ ಹತ್ತಿರ ಮೊದಲು ನಿಮ್ಮ ಸುದ್ದಿ, ಆಮೇಲೆ ನೀರು ಎಂದು ಬರೆದವಳು ನೀನೇ ಅಲ್ಲವೆ?

ನಿನಗೆ ಬೇಡವೆಂದರೆ ಬರೆಯುವುದಿಲ್ಲ. ನಾನು ಮರೆಯುವುದಿಲ್ಲ, ಅಷ್ಟೇ.

ಸರೀನಾ


ಲಿಸಾಯ್
ಮೇ 14, 1991

ಸರೀನಾ, ನನ್ನ ತಂಗಿ,

ನಿನ್ನ ವಿಳಾಸವನ್ನು ಇಪ್ಪತ್ಮೂರು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಬೀದಿ, ಮನೆ ನಂಬರು, ಎಲ್ಲ. ಲಕೋಟೆಯನ್ನು ಒಲೆಗೆ ಹಾಕಬೇಕಾಯಿತು. ಹಿಟ್ಟು ನಾದುವಾಗಲೆಲ್ಲ ಒಂದು ಸಲ ಹೇಳಿಕೊಳ್ಳುತ್ತಿದ್ದೆ. ನೀನು ಮನೆ ಬದಲಾಯಿಸಿದ್ದರೆ ನನ್ನ ಶ್ರಮವೆಲ್ಲ ದಂಡ. ಇದ್ದರೆ ಕೂತು ಓದು, ಉದ್ದದ ಕಾಗದ. ಈಗ ಯಾರೂ ತೆರೆದು ನೋಡುವುದಿಲ್ಲವಂತೆ. ನೋಡಿದರೂ ನೋಡಲಿ, ನನಗೆ ಅರವತ್ತೊಂಬತ್ತು.

ಮೊದಲು ಒಳ್ಳೆಯ ಸುದ್ದಿ. ಮಾರ್ಚ್ ಇಪ್ಪತ್ತೆರಡರ ಹೊಸ ವರ್ಷದ ಹಬ್ಬಕ್ಕೆ ತೆಕ್ಕೆಯ ಬಾಗಿಲು ತೆರೆದೆವು. ತಂಬಾಕಿನ ವಾಸನೆ ಗೋಡೆಗೇ ಹಿಡಿದುಬಿಟ್ಟಿದೆ. ಹನ್ನೊಂದು ದಿನ ಸುಣ್ಣ ಬಳಿದೆವು, ಆದರೂ ಹೋಗಲಿಲ್ಲ. ಜನ ಸೀನುತ್ತಾ ಪ್ರಾರ್ಥನೆ ಮಾಡಿದರು.

ಈಗ ಉಳಿದದ್ದು. ಅರವತ್ತೇಳರ ವಸಂತದಲ್ಲಿ ಸರ್ಕಾರ ದೇವರನ್ನೇ ನಿಷೇಧಿಸಿತು. ಮಸೀದಿ, ಇಗರ್ಜಿ, ತೆಕ್ಕೆ, ಯಾವುದನ್ನೂ ಬಿಡಲಿಲ್ಲ. ಪಟ್ಟಣದಿಂದ ಲಾರಿಯಲ್ಲಿ ಹುಡುಗರು ಬಂದು ಬಾಬಾ ಅವರನ್ನು ಚೌಕಕ್ಕೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದರು. ಕ್ಷೌರದವನು ನಮ್ಮೂರಿನವನೇ. ಅವನು ಕತ್ತಿ ಮಸೆಯುತ್ತಲೇ ನಿಂತ, ಹತ್ತಿರ ಬರಲಿಲ್ಲ. "ಹೆದರ್ಬೇಡ ಕಣೋ, ಕೂದಲು ತಾನೆ, ಬೆಳೆಯುತ್ತೆ. ನೀನು ಕೊಯ್ಕೋಬೇಡ" ಎಂದು ಬಾಬಾ ಅವನಿಗೇ ಧೈರ್ಯ ಹೇಳಿದರು. ನಾನು ನಿನಗೆ ಬರೆಯಲು ಸಾಧ್ಯವಿದ್ದದ್ದು ಅಷ್ಟೇ, ಬಾಬಾ ಗಡ್ಡ ತೆಗೆದಿದ್ದಾರೆ ಎಂದು. ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ನಿನ್ನ ಉತ್ತರ ಓದಿ ಒಂದು ವಾರ ಅತ್ತೆ. ನಿನ್ನ ಮೇಲೆ ಸಿಟ್ಟಿಲ್ಲ. ಗೋಡೆಯ ಆ ಕಡೆ ಇದ್ದವರಿಗೆ ಈ ಕಡೆಯದು ಹೇಗೆ ಕಾಣಬೇಕು?

ಆ ಉತ್ತರ ಬಂದ ಮೇಲೆ ಬಾಬಾ ಅವರನ್ನೂ ನನ್ನನ್ನೂ ಕಚೇರಿಗೆ ಕರೆಸಿದರು. ವಿದೇಶದಿಂದ ಕಾಗದ ಬರೆಯುವ ಇವಳು ಯಾರು, ನಿಮಗೇನಾಗಬೇಕು ಎಂದು ಕೇಳಿದರು. ಹಿಂದೆ ನಮ್ಮ ಮನೆಯಲ್ಲಿದ್ದ ಅತಿಥಿ ಎಂದೆ. ಯಾವ ದೇಶದವರು, ಯಾವ ಜಾತಿಯವರು ಎಂದರು. ಅದನ್ನೆಲ್ಲ ಅತಿಥಿಯನ್ನು ಕೇಳುವ ವಾಡಿಕೆ ನಮ್ಮಲ್ಲಿಲ್ಲ ಎಂದೆ. ಆಮೇಲೆ ಅಧಿಕಾರಿ ಬಾಬಾ ಕಡೆ ತಿರುಗಿದ. "ಜರ್ಮನ್ನರ ಕಾಲದಲ್ಲಿ ಈ ವಿದೇಶಿಯರನ್ನ ಯಾರ ಅಪ್ಪಣೆ ಮೇಲೆ ಮನೇಲಿ ಇಟ್ಕೊಂಡಿದ್ರಿ?"

ಬಾಬಾಗೆ ಆಗ ಎಂಬತ್ತೊಂದು. ಬೋಳು ಗಲ್ಲ ಸವರಿಕೊಂಡು ಹೇಳಿದರು, "ಬಾಗಿಲು ತಟ್ಟಿದೋರ ಅಪ್ಪಣೆ."

ಆ ಒಂದು ಮಾತಿಗೆ ನನ್ನ ತಲೆ ಇವತ್ತಿಗೂ ಬಗ್ಗಿಲ್ಲ. ಬಾಬಾ ಎಪ್ಪತ್ಮೂರರಲ್ಲಿ ನಮ್ಮ ಮನೆಯಲ್ಲೇ ತೀರಿಕೊಂಡರು. ಕೊನೆಗೆ ಗಡ್ಡ ಬೆಳೆದಿತ್ತು. ಯಾರೂ ಬಂದು ಕೇಳಲಿಲ್ಲ.

ಸರೀನಾ, ಇನ್ನು ದೆರ್ವಿಶ್ ಕಾಸೆಮ್. ನೀನು ಎರಡು ಸಲ ಕೇಳಿದೆ, ನಾನು ಎರಡು ಸಲವೂ ಸುಳ್ಳು ಬರೆದೆ. ನಿನ್ನಪ್ಪ ಬದುಕಿರುವವರೆಗೂ ಇದನ್ನು ಹೇಳಬಾರದೆಂದು ಬಾಬಾ ಮಾತು ತೆಗೆದುಕೊಂಡಿದ್ದರು. ನಿನ್ನಪ್ಪ ತೀರಿಕೊಂಡ ಮೇಲೆ ಹೇಳಬಹುದಿತ್ತು, ಆದರೆ ಆಗ ಕಾಗದದಲ್ಲಿ ದೆರ್ವಿಶ್ ಎಂಬ ಪದವನ್ನೇ ಬರೆಯುವ ಹಾಗಿರಲಿಲ್ಲ.

ನಲವತ್ನಾಲ್ಕರ ಜೂನ್ ತಿಂಗಳ ಆ ಬೆಳಿಗ್ಗೆ, ಚೀಸ್ ಮಾಡುವುದನ್ನು ನೋಡಿ ಬನ್ನಿ ಎಂದು ಹೇಳಿ ನಿಮ್ಮ ನಾಲ್ವರನ್ನೂ ಮುದುಕ ಕುರುಬನ ಜೊತೆ ಬೆಟ್ಟಕ್ಕೆ ಕಳಿಸಿದೆನಲ್ಲ, ಆಗಲೇ ಜರ್ಮನ್ನರು ಪಟ್ಟಣದಿಂದ ನಮ್ಮೂರ ಕಡೆ ಹೊರಟಿದ್ದಾರೆಂದು ಸುದ್ದಿ ಬಂದಿತ್ತು. ಮಧ್ಯಾಹ್ನ ಬಂದರು. ಕೋಣೆಗಳಲ್ಲಿ ನಿಮ್ಮದೊಂದು ಬಟ್ಟೆಯೂ ಇರದಂತೆ ನಾನು ಎತ್ತಿಟ್ಟಿದ್ದೆ. ಆದರೆ ಕೊಟ್ಟಿಗೆಯಲ್ಲಿದ್ದ ನಿನ್ನಪ್ಪನ ತಿದಿ, ಸುತ್ತಿಗೆ, ತವರದ ಕಡ್ಡಿ ನನಗೆ ಮರೆತುಹೋಯಿತು. ಅವುಗಳನ್ನು ದಿನಾ ನೋಡಿ ನೋಡಿ ನಮ್ಮವೇ ಎನ್ನಿಸಿಬಿಟ್ಟಿದ್ದವು.

ಅಧಿಕಾರಿ ಅವುಗಳನ್ನು ಒಕ್ಕುವ ಕಣಕ್ಕೆ ತಂದು ಹಾಕಿಸಿ, ಕಲಾಯಿಯವನು ಎಲ್ಲಿ ಎಂದು ದುಭಾಷಿಯ ಕೈಯಲ್ಲಿ ಕೇಳಿಸಿದ. ಅವನಿಗೆ ಯಾರೋ ನಿಮ್ಮ ಸುಳಿವು ಕೊಟ್ಟಿದ್ದರು. ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ, ನಮ್ಮೂರಿನವರಲ್ಲ. ಬಾಬಾ ಮುಂದೆ ಹೆಜ್ಜೆಯಿಟ್ಟು, ಈ ಮನೆಯ ಹಿರಿಯ ನಾನು, ಕೇಳುವುದನ್ನು ನನ್ನನ್ನು ಕೇಳಿ ಎಂದರು. ಅಷ್ಟರಲ್ಲಿ ದೆರ್ವಿಶ್ ಕಾಸೆಮ್, "ಬಾಬಾಗೆ ಇದೆಲ್ಲ ಗೊತ್ತಿಲ್ಲ. ಕಲಾಯಿ ಹಾಕೋನು ನಾನೇ" ಅಂದುಬಿಟ್ಟರು.

ಹಾಕಿ ತೋರಿಸು ಎಂದು ಒಂದು ತಾಮ್ರದ ಪಾತ್ರೆ ಮುಂದಿಟ್ಟರು. ಬೆಂಕಿ ಮಾಡಿದರು. ದೆರ್ವಿಶರ ಆ ಬೆರಳು ನಿನಗೆ ನೆನಪಿದೆಯಲ್ಲ, ಸರೀನಾ? ಪೆನ್ಸಿಲ್ ಬಿಟ್ಟು ಇನ್ನೇನನ್ನೂ ಹಿಡಿಯದ ಬೆರಳು. ನಿನ್ನಪ್ಪ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದು ಬಿಟ್ಟರೆ ಅವರಿಗೆ ಆ ಕೆಲಸ ಬಾರದು. ಆದರೂ ತಿದಿ ಒತ್ತಿದರು, ಪಾತ್ರೆ ಕಾಯಿಸಿದರು, ತವರ ಸವರಿ ಅರಳೆಯಿಂದ ಒರೆಸಿದರು. ಅಂಗೈ ಸುಟ್ಟು ಬೊಬ್ಬೆ ಬಂತು, ಬಿಡಲಿಲ್ಲ. ತವರ ಒಂದು ಕಡೆ ಗಂಟು ಗಂಟಾಗಿ ನಿಂತಿತು, ಇನ್ನೊಂದು ಕಡೆ ಹಿಡಿಯಲೇ ಇಲ್ಲ. ಅಧಿಕಾರಿ ಪಾತ್ರೆ ಎತ್ತಿ ನೋಡಿದ. ಇವನು ಕಲಾಯಿಯವನಲ್ಲ ಎಂದ.

"ಹೌದು, ನಂಗೆ ಚೆನ್ನಾಗಿ ಬರಲ್ಲ" ಅಂದರು ದೆರ್ವಿಶ್ ಕಾಸೆಮ್. "ಈ ಊರಿಗೆ ಇಷ್ಟು ಸಾಕು."

ಮತ್ತೆ ಎರಡು ಸಲ ಕೇಳಿದರು. ದೆರ್ವಿಶರು ಅದೇ ಮಾತು ಹೇಳಿದರು. ಕೊಟ್ಟಿಗೆಯ ಗೋಡೆಯ ಹತ್ತಿರ ಜರ್ಮನ್ನರು ಅವರ ಮೇಲೆ ಗುಂಡು ಹಾರಿಸಿದರು. ಅತಿಥಿ ಕೋಣೆಗಳಿಗೆ ಬೆಂಕಿಯಿಟ್ಟು ಹೋದರು. ಒಲೆಯ ಕಿಡಿಯಲ್ಲ, ಅವರು ಇಟ್ಟ ಬೆಂಕಿ.

ನೀವು ಬೆಟ್ಟದಿಂದ ಇಳಿದು ಬರುವ ಹೊತ್ತಿಗೆ ಸೆಪ್ಟೆಂಬರ್. ಅವರ ಗೋರಿಯ ಮೇಲೆ ಹುಲ್ಲು ಬಂದಿತ್ತು. ಬಾಬಾ ಊರವರನ್ನೆಲ್ಲ ಸೇರಿಸಿ ಹೇಳಿದರು, "ನಿಮ್ಮನ್ನ ಉಳಿಸೋಕೆ ಇಷ್ಟಾಯ್ತು ಅಂತ ಅವರಿಗೆ ಹೇಳಿದ್ರೆ, ಆ ಕಲಾಯಿಯವನು ಮತ್ತೆ ತಿದಿ ಮುಟ್ಟಲ್ಲ. ನಾವು ಕೊಟ್ಟಿದ್ದು ಜೀವ. ಅದರ ಮೇಲೆ ಭಾರ ಹೊರಿಸಿ ಕೊಡ್ಬಾರ್ದು." ಆದ್ದರಿಂದ ದೆರ್ವಿಶರು ಉತ್ತರಕ್ಕೆ ಹೋದರು ಎಂದು ನಿನಗೆ ಹೇಳಿದೆ. ನೀನು ಸಿಟ್ಟಾಗಿ ಕಾಲು ಅಪ್ಪಳಿಸಿದೆ. ನಾನು ಹಿತ್ತಲಿಗೆ ಹೋಗಿ ತಲೆಗೆ ಕಟ್ಟಿದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡೆ.

ಈಗ ಹೇಳಿದ್ದೇನೆ. ಅಳು, ಆದರೆ ಬಹಳ ಹೊತ್ತು ಅಳಬೇಡ. ಹಬ್ಬದ ದಿನ ತೆಕ್ಕೆಯ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದವಳು ನಾನು. ನಲವತ್ತೇಳು ವರ್ಷದ ಮೇಲೆ. ಆ ಊರಿನವಳು, ಆ ಮನೆಯವಳು ಎಂದು ನನ್ನ ಎದೆ ಅವತ್ತು ಒಂದು ಗೇಣು ಅಗಲವಾಯಿತು.

ನಿನ್ನ ಅಕ್ಕ
ನಝ್ಮಿಯೆ


ಯಾಫಾ
ಜುಲೈ 7, 1991

ಅಕ್ಕ,

ಮನೆ ಬದಲಾಯಿಸಿಲ್ಲ. ನೀನು ಬರೆದ ನಂಬರು ಸರಿಯಾಗಿದೆ.

ಕಾಗದ ಬಂದು ನಾಲ್ಕು ವಾರವಾಯಿತು. ಮೊದಲ ವಾರ ಯಾರಿಗೂ ತೋರಿಸಲಿಲ್ಲ. ನಾನು ಅರವತ್ತೆಂಟರಲ್ಲಿ ಬರೆದ ಮಾತುಗಳನ್ನು ನೆನೆದರೆ ಕೈ ಸುಡುತ್ತದೆ. ನಾಚಿಕೆ ಎಂಬ ಪದವನ್ನು ನಿನಗೆ ಬರೆದೆನಲ್ಲ. ಕ್ಷಮಿಸು ಎಂದು ಕೇಳಲೂ ಆಗುತ್ತಿಲ್ಲ, ಕೇಳದಿರಲೂ ಆಗುತ್ತಿಲ್ಲ. ಅರ್ಧ ಶತಮಾನದ ಹತ್ತಿರ ಹತ್ತಿರ ನಾನು ಒಬ್ಬ ಸತ್ತ ಮನುಷ್ಯನ ಮೇಲೆ ಮುನಿಸಿಕೊಂಡಿದ್ದೆ, ಹೇಳದೆ ಹೋದರೆಂದು.

ಆಮೇಲೆ ಅವ್ರಾಮನನ್ನು ಕರೆಸಿದೆ. ಅವನಿಗೆ ಆಗ ನಾಲ್ಕು ವರ್ಷ, ಏನೂ ನೆನಪಿಲ್ಲ. ಈಗ ಐದು ಮೊಮ್ಮಕ್ಕಳ ಅಜ್ಜ. ನಿನ್ನ ಕಾಗದವನ್ನು ಸಾಲುಸಾಲಾಗಿ ನಮ್ಮ ಭಾಷೆಗೆ ತಿರುಗಿಸಿ ಓದಿ ಹೇಳಿದೆ. ಓದಿ ಮುಗಿದ ಮೇಲೆ ಅವನು ಎದ್ದು ನಿಂತ. ನಮ್ಮ ಮನೆಯ ಮಕ್ಕಳೂ ಎದ್ದು ನಿಂತವು. ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಿಬ್ಬರ ಮಕ್ಕಳು ಮೊಮ್ಮಕ್ಕಳು ಸೇರಿ ಈಗ ಹದಿನೇಳು ಜನ. ಅಪ್ಪ ಬದುಕಿದ್ದರೆ ಈ ಸುದ್ದಿ ಅವರನ್ನು ಮುರಿದುಹಾಕುತ್ತಿತ್ತು. ಅಪ್ಪನನ್ನು ಬಾಬಾ ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನು ನೀನು ಬೇಡವೆನ್ನುವಂತಿಲ್ಲ. ಗಿಡ ನೆಡಲು ಯೆರೂಸಲೇಮಿನವರು ಕೇಳುವ ಸಾಕ್ಷಿ ಹಾಳೆ ತುಂಬಿದ್ದೇನೆ, ಪ್ರತಿ ಇದರ ಜೊತೆಗಿದೆ. "ಉಳಿಸಿದವರು" ಎಂಬ ಕಡೆ ನಾಲ್ಕು ಸಾಲು ಕೊಟ್ಟಿದ್ದಾರೆ. ಬಾಬಾ ರುಶಿತ್, ದೆರ್ವಿಶ್ ಕಾಸೆಮ್, ನಝ್ಮಿಯೆ ಎಂದು ಮೂರು ಹೆಸರು ಬರೆದಿದ್ದೇನೆ. ಓದಿ ನೋಡು. ತಪ್ಪಿದ್ದರೆ ತಿದ್ದು, ಕೆಂಪು ಪೆನ್ಸಿಲಿನಲ್ಲೇ ತಿದ್ದು.

ನಿನ್ನ
ಸರೀನಾ


ಲಿಸಾಯ್
ಸೆಪ್ಟೆಂಬರ್ 30, 1991

ಸರೀನಾ,

ಹಾಳೆ ಓದಿದೆ. ಅಕ್ಷರ ಗುಂಡಗಿದೆ. ವಿಷಯ ತಪ್ಪಿದೆ. ನಮ್ಮೂರಿನ ಶಾಲೆಯ ಮೇಷ್ಟ್ರನ್ನು ಕೂರಿಸಿಕೊಂಡು ಇದನ್ನು ಬರೆಸುತ್ತಿದ್ದೇನೆ, ನನ್ನ ಕಣ್ಣು ಮಂಜಾಗಿದೆ.

ಮೂರೇ ಜನ ಉಳಿಸಿದರು ಎಂದು ನಿನಗೆ ಯಾರು ಹೇಳಿದರು? ತೆಕ್ಕೆಯಲ್ಲಿದ್ದದ್ದು ನಾವು ಐದು ಜನ. ಹತ್ತು ತಿಂಗಳು ನೀವು ನಾಲ್ವರು ತಿಂದ ಜೋಳ ತೆಕ್ಕೆಯ ಹೊಲದ್ದಲ್ಲ, ಮನೆಗೊಂದು ಸರದಿಯಂತೆ ಬರುತ್ತಿತ್ತು. ಗಿರಣಿಯವನು ಕೇಳದೆ ಬೀಸುತ್ತಿದ್ದ. ನಿನ್ನ ಜೊತೆ ಆಡುತ್ತಿದ್ದ ಮಕ್ಕಳಿಗೆ, ಇವಳು ಸಾನೀಯೆ, ಪಕ್ಕದೂರಿನ ನೆಂಟರ ಹುಡುಗಿ ಎಂದು ಒಂದು ಸಲ ಹೇಳಿದ್ದು. ಇನ್ನೊಂದು ಸಲ ಹೇಳಬೇಕಾಗಲಿಲ್ಲ. ಬೆಕೀರ್ ನೆನಪಿದ್ದಾನೆಯೆ, ನೀರಿನ ಕಾಲುವೆಯ ವಿಷಯಕ್ಕೆ ಬಾಬಾ ಜೊತೆ ಮಾತು ಬಿಟ್ಟಿದ್ದವನು? ಜರ್ಮನ್ನರ ಲಾರಿ ಬರುವಾಗ ಇಕ್ಕಟ್ಟಿನ ತಿರುವಿನಲ್ಲಿ ಎತ್ತಿನ ಗಾಡಿ ಅಡ್ಡ ನಿಲ್ಲಿಸಿ, ಚಕ್ರ ಕಳಚಿದೆ ಎಂದು ಒಂದು ಗಂಟೆ ನಾಟಕ ಆಡಿದವನು ಅವನು. ಬಂದೂಕಿನ ಹಿಂಬದಿಯ ಹೊಡೆತ ತಿಂದು ಎರಡು ಹಲ್ಲು ಕಳೆದುಕೊಂಡ. ನೀವು ಬೆಟ್ಟ ಹತ್ತಿದ್ದು ಆ ಒಂದು ಗಂಟೆಯಲ್ಲಿ. ಕಾಲುವೆಯ ಜಗಳ ಮಾತ್ರ ಆಮೇಲೂ ಬಿಡಲಿಲ್ಲ.

ಮತ್ತೆ ಆ ಕಣದ ಮಾತು. ಹಿಂದಿನ ಕಾಗದದಲ್ಲಿ ಒಂದು ವಿಷಯ ಬರೆದಿರಲಿಲ್ಲ. ಅವತ್ತು ದೆರ್ವಿಶರನ್ನು ಕೇಳುವಾಗ ಇಡೀ ಊರನ್ನೇ ಹೊರಗೆ ಕರೆದು ಕಣದ ಸುತ್ತ ನಿಲ್ಲಿಸಿದ್ದರು. ಸೈನಿಕರು ನಮ್ಮ ಎದುರಿಗೆ, ಅವರ ಬೆನ್ನ ಹಿಂದೆ ಬೆಟ್ಟ. ಅಷ್ಟು ಹೊತ್ತಿಗೆ ಮೇಲಿನ ಕುರಿದೊಡ್ಡಿಯಿಂದ ಹೊಗೆ ಏಳುತ್ತಿತ್ತು. ನಿನ್ನಮ್ಮ ಅವ್ರಾಮನಿಗೆ ಹಾಲು ಕಾಯಿಸಲು ಇಟ್ಟಿದ್ದಿರಬೇಕು. ಆ ದೊಡ್ಡಿಯಲ್ಲಿ ಹಗಲು ಹೊತ್ತು ಯಾರೂ ಒಲೆ ಹಚ್ಚುವುದಿಲ್ಲ, ಅದು ನಮಗೆಲ್ಲ ಗೊತ್ತು. ಸೈನಿಕರು ಒಂದೊಂದು ಮುಖವನ್ನೂ ನೋಡುತ್ತಾ ನಿಂತಿದ್ದರು. ಒಬ್ಬರು ಒಂದು ಸಲ ಕಣ್ಣೆತ್ತಿದ್ದರೆ ಸಾಕಿತ್ತು, ಅವರು ತಿರುಗಿ ನೋಡುತ್ತಿದ್ದರು.

ಮುದುಕರಿದ್ದರು, ಬಾಣಂತಿಯರಿದ್ದರು, ಆರು ವರ್ಷದ ಮಕ್ಕಳಿದ್ದರು. ಕಣ್ಣೆದುರಿಗೆ ಅವರ ದೆರ್ವಿಶರ ಕೈ ಸುಡುತ್ತಿತ್ತು. ಆಮೇಲೆ ಗುಂಡಿನ ಸದ್ದಾಯಿತು. ಆಗಲೂ ಒಬ್ಬರ ಕಣ್ಣೂ ಬೆಟ್ಟದ ಕಡೆ ಹೊರಳಲಿಲ್ಲ.

ಅರವತ್ತೆರಡು ಮನೆ, ಸರೀನಾ. ಪ್ರತಿ ಮನೆಯ ಯಜಮಾನನ ಹೆಸರು, ಹೆಂಡತಿಯ ಹೆಸರು, ಅವತ್ತು ಕಣದಲ್ಲಿದ್ದ ಮಕ್ಕಳ ಹೆಸರು, ಎಲ್ಲ ಮೇಷ್ಟ್ರ ಕೈಯಲ್ಲಿ ಬರೆಸಿದ್ದೇನೆ. ಎರಡು ವಾರ ಮನೆ ಮನೆ ತಿರುಗಿದೆವು. ಕೆಲವರು ನನ್ನ ಹೆಸರು ಯಾಕೆ, ನಾನೇನು ಮಾಡಿದೆ, ಸುಮ್ಮನೆ ನಿಂತಿದ್ದೆ ಅಷ್ಟೆ ಎಂದರು. ಅದನ್ನೇ ಬರೆಯುತ್ತಿರುವುದು ಎಂದೆ.

ನಾಲ್ಕೇ ಸಾಲು ಕೊಟ್ಟಿದ್ದಾರೆ ಎಂದೆಯಲ್ಲ. ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಅಂಟಿಸು.

ನಿನ್ನ ಅಕ್ಕ
ನಝ್ಮಿಯೆ